ಇಪ್ಪತ್ತೆರಡು ಸುತ್ತು

ಪದವಿನ ಟ್ಯಾಂಕಿನ ಕೆಳಗೆ, ರಸ್ತೆಯ ಹೊಂಡದೊಳಗೆ
ನನ್ನ ವಾಲ್ವು. ಪೂರ್ತಿ ಬಿಡಲಿಕ್ಕೆ
ಇಪ್ಪತ್ತೆರಡು ಸುತ್ತು.
ಹದಿನಾಲ್ಕು ವರ್ಷದಿಂದ ಬೆಳಗ್ಗಿನ ನಾಲ್ಕೂವರೆಗೆ
ಕಬ್ಬಿಣದ ಕೀಲಿ ಇಳಿಸಿ ತಿರುಗಿಸುತ್ತೇನೆ,
ಲೆಕ್ಕ ಬಾಯಲ್ಲಲ್ಲ, ಭುಜದಲ್ಲಿ.

ಈ ಸಲ ಫೆಬ್ರವರಿಯಲ್ಲೇ ಹೊಂಡದ ಮುಚ್ಚಳ
ನಿನ್ನೆಯ ಬಿಸಿಲನ್ನು ಇಟ್ಟುಕೊಂಡಿತ್ತು.
ಅಂಗೈ ಇಟ್ಟೆ. ಯಾರೋ ಆಗಷ್ಟೇ
ಎದ್ದು ಹೋದ ಕುರ್ಚಿಯ ಹಾಗೆ.

ನಮಗೆ ಸೆಕೆ ಗೊತ್ತುಂಟು.
ಸೆಕೆ ಮನೆಯ ಜನ.
ಮಾರ್ಚಿಗೆ ಬರುತ್ತದೆ, ಬನಿಯನ್ನಿಗೆ ಅಂಟುತ್ತದೆ,
ಪುನರ್ಪುಳಿ ಶರಬತ್ತು ಕುಡಿಯುತ್ತದೆ,
ಸಂಜೆ ಕಡಲಿನ ಗಾಳಿ ಬೀಸಿದರೆ
ಜಗಲಿಯಲ್ಲಿ ನಮ್ಮೊಟ್ಟಿಗೇ ಕೂರುತ್ತದೆ.
ಅದರ ಮೇಲೆ ದಿನವಿಡೀ ದೂರು ಹೇಳುತ್ತೇವೆ,
ಹೊರಡಲಿ ಎಂದು ಅಲ್ಲ,
ಹೇಳಲಿಕ್ಕೆ ಏನಾದರೂ ಬೇಕಲ್ಲ.

ಆದರೆ ನಿನ್ನೆ ರೇಡಿಯೋದಲ್ಲಿ
ಬಿಸಿಗಾಳಿ ಎಂದರು.
ಕರಾವಳಿ ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ.
ಅದು ಘಟ್ಟದ ಮೇಲಿನ ಶಬ್ದ,
ಕಲಬುರಗಿಯ ರಾತ್ರಿ ಬಸ್ಸು ಹತ್ತಿ ಬರಬೇಕಾದ್ದು;
ಇಲ್ಲಿ ಇಳಿದರೆ ಯಾರ ಮನೆ ಕೇಳೀತು?

ಹುಲಿಗೆಮ್ಮನ ಹತ್ತಿರ ಕೇಳಿದೆ.
ಲಿಂಗಸೂಗೂರಿನ ಹೆಂಗಸು, ಎದುರಿನ
ಹದಿನಾರು ಮಾಳಿಗೆಯ ಕಟ್ಟಡಕ್ಕೆ ಜಲ್ಲಿ ಹೊರುವವಳು.
"ಬಿಸಿಲೇನ್ರಿ, ನಲವತ್ಮೂರು ಕಂಡೀನಿ.
ಒದ್ದಿ ಅರಿವಿ ತಲಿಗೆ ಕಟ್ಟಿದ್ರ ಗಾಳೀನ ತಂಪ ಮಾಡ್ತದ.
ಇಲ್ಲಿ ಮೂವತ್ತೈದಕ್ಕ ಜೀವ ಹೋಗ್ತದ ನೋಡ್ರಿ,
ಬೆವರು ಒಣಗಂಗಿಲ್ಲ.
ಇಲ್ಲಿಗೆ ಅದು ಬಂದ್ರ ಏನ್ ಮಾಡ್ಬೇಕಂತ
ನಂಗೂ ತಿಳೀವಲ್ದು."

ಬಲ್ಲವಳು ಎಂದು ಕೇಳಿದ್ದೆ.
ಅವಳ ಕೊಡದಲ್ಲಿ ನೀರು ಮುಕ್ಕಾಲು ಇತ್ತು.

ತುಂಬೆಯಿಂದ ದಿನಾ ಮೆಸೇಜು, ಬರೀ ಒಂದು ಅಂಕೆ:
ಆರು. ಐದು ಎಂಬತ್ತು. ಐದು ಎಪ್ಪತ್ತೊಂದು.
ಗೊತ್ತಿಲ್ಲದವರು ನೋಡಿದರೆ
ಯಾರದೋ ಜ್ವರ ಇಳಿಯುತ್ತಿದೆ ಎಂದುಕೊಂಡಾರು.

ಫ್ಲೋರಿನ್ ಬಾಯಿ ಬಾವಿಯ ಹಗ್ಗಕ್ಕೆ
ಇನ್ನೊಂದು ಮೊಳ ಸೇರಿಸಿ ಗಂಟು ಹಾಕಿದ್ದಾರೆ.
"ಇದು ಮೇ ತಿಂಗಳ ಗಂಟು ಮಾರಾಯ,
ಈಗಲೇ ಕೈಗೆ ಸಿಕ್ಕಿತು."
ಮೊಯ್ದಿನಬ್ಬ ಟ್ಯಾಂಕರಿಗೆ ಹೊಸ ನೀಲಿ ಬಣ್ಣ ಹೊಡೆಸಿದ್ದಾನೆ,
ನನ್ನನ್ನು ಕಂಡು ನಾಚಿ ನಕ್ಕ.
ಅವನಿಗೂ ಹೆದರಿಕೆ ಉಂಟು.
ತುಂಬಿಸಲಿಕ್ಕೆ ಎಲ್ಲಾದರೂ ನೀರು ಇರಬೇಕಲ್ಲ.

ಇವತ್ತು ಬೆಳಗ್ಗೆ
ಇಪ್ಪತ್ತೊಂದಕ್ಕೆ ನಿಲ್ಲಿಸಿದೆ.
ಯಾರೂ ಹೇಳಿರಲಿಲ್ಲ. ಆದೇಶ ಏಪ್ರಿಲಿಗೆ ಬರುತ್ತದೆ,
ಟೈಪಾಗಿ, ಮೊಹರು ಹೊಡೆಸಿಕೊಂಡು.
ಒಂದು ಸುತ್ತು.
ಉಳಿಸಿದೆನೋ ಕದ್ದೆನೋ.
ಕೀಲಿ ಹೆಗಲಿಗಿಟ್ಟು ನಿಂತೆ. ಕೆಳಗೆ ಪೈಪಿನ ಸದ್ದು ತುಸು ಸಣ್ಣಗಾಯಿತು,
ಮಗು ಮಲಗಿದೆ ಎಂದು ನೆನಪಾದವರು
ದನಿ ತಗ್ಗಿಸಿದ ಹಾಗೆ.

ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ.
ಕಾರು ತೊಳೆದರು, ಗೇಟು ತೊಳೆದರು,
ಒಬ್ಬರು ರಸ್ತೆಗೂ ನೀರು ಹೊಡೆದರು ಧೂಳು ಏಳಬಾರದೆಂದು.

ಲೈನಿನ ಕೊನೆಯ ಮನೆ ನನ್ನದು, ಗುಡ್ಡದ ತುದಿ.
ಎಂಟಕ್ಕೆ ಹೋದಾಗ ಸುಗಂಧಿ
ನಳ್ಳಿಯ ಕೆಳಗೆ ಕೊಡ ಇಟ್ಟು ಕಾಯುತ್ತಿದ್ದಳು.
ನೀರಿನ ನೂಲು ಗಾಳಿಗೆ ವಾಲುವಷ್ಟು ಸಪೂರ.

"ಎಂತ, ಪೈಪು ಒಡೆದಿದೆಯಾ?"

ಇಲ್ಲ ಎಂದೆ.
ಅವಳು ನನ್ನ ಭುಜ ನೋಡಿದಳು.
ಮತ್ತೇನೂ ಕೇಳದೆ ಅಟ್ಟದಿಂದ
ಎರಡನೇ ಹಂಡೆ ಇಳಿಸಿ, ಬೋರಲು ಹಾಕಿ, ತಟ್ಟಿದಳು.
ಒಳಗಿಂದ ಜೇಡವೊಂದು ಬಿದ್ದು, ಸ್ವಲ್ಪ ಯೋಚಿಸಿ,
ಕೊಡದ ನೆರಳಿಗೆ ನಡೆಯಿತು.